ಬಳಸೋಕೆ ಯಾವುದು ಸುಲಭ? ಓಪನ್ ಸೋರ್ಸ್, ಕಮರ್ಷಿಯಲ್ ಸಾಫ್ಟ್‌ವೇರ್ ಎರಡನ್ನೂ ನೀವೇ ಪರೀಕ್ಷಿಸಿ ನೋಡುವ ಬಗೆ

ಆಫೀಸುಗಳಲ್ಲಿ ಜನರಿಗೆ ಸಾಫ್ಟ್‌ವೇರ್ ಕಲಿಸುವುದು ನನ್ನ ಕೆಲಸ. ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದಕ್ಕೆ ಹೋಗುವವರ ಪಕ್ಕದಲ್ಲಿ ಕೂತು, ಅವರ ಕೈ ಎಲ್ಲಿ ತಡವರಿಸುತ್ತದೆ ಅಂತ ನೋಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಓಪನ್ ಸೋರ್ಸ್ ಬಳಸೋಕೆ ಕಷ್ಟ ಅಂತಾರಲ್ಲ, ಹೌದಾ?"

ಓಪನ್ ಸೋರ್ಸ್ ಅಂದರೆ ಕೋಡ್ ತೆರೆದಿಟ್ಟು, ಯಾರು ಬೇಕಾದರೂ ಬಳಸಿ ತಿದ್ದಲು ಲೈಸೆನ್ಸ್ ಕೊಟ್ಟ ಸಾಫ್ಟ್‌ವೇರ್; ಕಮರ್ಷಿಯಲ್ ಅಂದರೆ ಕಂಪನಿ ಮಾರುವಂಥದ್ದು. ಲೈಸೆನ್ಸ್ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ವಿಎಲ್‌ಸಿ ಓಪನ್ ಸೋರ್ಸ್. ಹೆಚ್ಚುಕಡಿಮೆ ಯಾವ ವಿಡಿಯೋ ಫೈಲು ಕೊಟ್ಟರೂ ಏನೂ ಕೇಳದೆ ಓಡಿಸುತ್ತದೆ. ಫೈರ್‌ಫಾಕ್ಸ್ ಕೂಡ ಓಪನ್ ಸೋರ್ಸ್, ಅದನ್ನು ದಿನಾ ಬಳಸುವ ಎಷ್ಟೋ ಮಂದಿಗೆ ಆ ವಿಷಯವೇ ಗೊತ್ತಿಲ್ಲ. ಇನ್ನೊಂದು ಕಡೆ, 2012ರಲ್ಲಿ ಬಂದ ವಿಂಡೋಸ್ 8 ಎಲ್ಲರಿಗೂ ರೂಢಿಯಾಗಿದ್ದ ಸ್ಟಾರ್ಟ್ ಬಟನ್ನನ್ನೇ ತೆಗೆದುಹಾಕಿತು. ಜನ ಪೇಚಾಡಿದರು. ಮರುವರ್ಷ 8.1 ಬಂದಾಗ ಬಟನ್ ವಾಪಸ್ ಬಂತು. ಅಷ್ಟು ದೊಡ್ಡ ಕಂಪನಿ, ಅಷ್ಟೊಂದು ಡಿಸೈನರ್‌ಗಳು ಇದ್ದೂ ಹೀಗಾಯಿತು.

ಹಾಗಾಗಿ ಬೇರೆಯವರ ಅಭಿಪ್ರಾಯ ಪಕ್ಕಕ್ಕಿಡಿ. ನಿಮ್ಮ ಕೆಲಸ, ನಿಮ್ಮ ಫೈಲು, ನಿಮ್ಮ ಜನರನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಿ. ನಾನು ಮಾಡಿಸುವ ರೀತಿ ಹೀಗೆ.

ಮೊದಲು ಕೆಲಸಗಳ ಪಟ್ಟಿ

ಫೀಚರ್‌ಗಳ ಪಟ್ಟಿ ಬೇಡ, ಕೆಲಸಗಳ ಪಟ್ಟಿ ಬೇಕು. "ಟೇಬಲ್ ಹಾಕಬಹುದಾ, ಮ್ಯಾಕ್ರೋ ಇದೆಯಾ" ಅಂತ ಕೇಳುತ್ತಾ ಹೋದರೆ ಎರಡೂ ಕಡೆ ಉತ್ತರ ಹೌದು ಅಂತಲೇ ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ಲೆಟರ್‌ಹೆಡ್ ಮೇಲೆ ಒಂದು ಪತ್ರ ಬರೆದು ಪಿಡಿಎಫ್ ಮಾಡಿ ಕಳಿಸಬೇಕು. ಉದ್ದದ ವರದಿಗೆ ಪರಿವಿಡಿ ಹಾಕಬೇಕು. ಇನ್ನೊಬ್ಬರು ತಿದ್ದಿ ಕಳಿಸಿದ ಫೈಲು ತೆರೆದು, ಒಂದೊಂದೇ ತಿದ್ದುಪಡಿ ಒಪ್ಪಬೇಕು ಇಲ್ಲವೇ ಬಿಡಬೇಕು. ಫೋಟೋ ಸಣ್ಣದು ಮಾಡಿ ಮೇಲ್‌ಗೆ ಹಾಕಬೇಕು.

ಐದಾರು ಕೆಲಸ ಸಾಕು. ಆದರೆ ಅವು ನಿಜವಾಗಿ ವಾರ ವಾರ ಮಾಡುವ ಕೆಲಸಗಳೇ ಆಗಿರಬೇಕು, ಫೈಲುಗಳೂ ನಿಮ್ಮ ಹಳೆಯ ಫೈಲುಗಳೇ ಆಗಿರಬೇಕು. ಖಾಲಿ ಹಾಳೆ ತೆರೆದು ಎರಡು ಸಾಲು ಟೈಪ್ ಮಾಡಿದರೆ ಜಗತ್ತಿನ ಯಾವ ಪ್ರೋಗ್ರಾಂ ಬೇಕಾದರೂ ಸುಲಭವಾಗಿಯೇ ಕಾಣುತ್ತದೆ. ಬಳಕೆಯ ಸುಲಭತೆ ಅಂದರೇನು ಅಂತ ಹೇಳುವ ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡ ಒತ್ತಿ ಹೇಳುವುದೂ ಇದನ್ನೇ. ಇಂಥ ಜನ, ಇಂಥ ಗುರಿ, ಇಂಥ ಸಂದರ್ಭ ಅಂತ ಗೊತ್ತುಮಾಡಿಕೊಳ್ಳದೆ ಸುಲಭ, ಕಷ್ಟ ಅನ್ನುವ ಮಾತಿಗೆ ಅರ್ಥವಿಲ್ಲ. ಕೆಲಸ ಮುಗಿಯಿತಾ, ಎಷ್ಟು ಶ್ರಮ ಹಿಡಿಯಿತು, ಮಾಡಿದವರಿಗೆ ಸಮಾಧಾನವಾಯಿತಾ. ಅಳೆಯಬೇಕಾದದ್ದು ಈ ಮೂರನ್ನು.

ತೀರ್ಪು ಕೊಡುವ ಮೊದಲು ಸೆಟ್ಟಿಂಗ್ ಸರಿಮಾಡಿ

ಇಲ್ಲೇ ಹೆಚ್ಚಿನ ಹೋಲಿಕೆಗಳು ದಾರಿ ತಪ್ಪುವುದು. ಒಂದು ಕಡೆ ವರ್ಷಗಟ್ಟಲೆ ಬಳಸಿ, ಟೂಲ್‌ಬಾರು, ಫಾಂಟು, ಟೆಂಪ್ಲೇಟು ಎಲ್ಲ ಹೊಂದಿಸಿಕೊಂಡ ಕಮರ್ಷಿಯಲ್ ಪ್ರೋಗ್ರಾಂ. ಇನ್ನೊಂದು ಕಡೆ ಈಗ ತಾನೆ ಇಳಿಸಿಕೊಂಡ ಓಪನ್ ಸೋರ್ಸ್ ಪ್ರೋಗ್ರಾಂ. ಇದು ಸರಿಸಮದ ಸ್ಪರ್ಧೆ ಅಲ್ಲ, ಅಲ್ವಾ? ಅರ್ಧ ಗಂಟೆ ಕೂತು ಹೊಂದಿಸಿ.

ಓಪನ್ ಸೋರ್ಸ್ ಆಫೀಸ್ ಪ್ರೋಗ್ರಾಂ ಆದ ಲಿಬ್ರೆಆಫೀಸ್ ಉದಾಹರಣೆ ತೆಗೆದುಕೊಳ್ಳೋಣ. ಮೈಕ್ರೋಸಾಫ್ಟ್ ಆಫೀಸಿನ 2007ರ ಆವೃತ್ತಿಯಿಂದ ರಿಬ್ಬನ್, ಅಂದರೆ ಮೇಲೆ ಟ್ಯಾಬ್‌ಗಳಲ್ಲಿ ಜೋಡಿಸಿದ ಬಟನ್‌ಗಳ ಪಟ್ಟಿ, ಬಂದಿದೆ. ಅದಕ್ಕೇ ಒಗ್ಗಿದವರಿಗೆ ಲಿಬ್ರೆಆಫೀಸಿನ ಮೆನು ಮತ್ತು ಚಿಕ್ಕ ಚಿಕ್ಕ ಬಟನ್‌ಗಳು ಹಳೆಯ ಕಾಲದ್ದಾಗಿ ಕಾಣುತ್ತವೆ. ಆದರೆ ವ್ಯೂ ಮೆನುವಿಗೆ ಹೋಗಿ, ಯೂಸರ್ ಇಂಟರ್‌ಫೇಸ್ ಒತ್ತಿ, ಟ್ಯಾಬ್ಡ್ ಆರಿಸಿದರೆ ರಿಬ್ಬನ್ ತರಹದ್ದೇ ಪಟ್ಟಿ ಬರುತ್ತದೆ. 2019ರ 6.2 ಆವೃತ್ತಿಯಿಂದ ಇದು ಪೂರ್ತಿಯಾಗಿ ಸಿಗುತ್ತಿದೆ. ಮೆನುವೇ ಇಷ್ಟ ಅನ್ನುವವರು ಮೆನುವನ್ನೇ ಇಟ್ಟುಕೊಳ್ಳಬಹುದು. ಈ ಆಯ್ಕೆಯನ್ನು ತೋರಿಸದೆ ಯಾರ ಕೈಗೂ ನಾನು ಲಿಬ್ರೆಆಫೀಸ್ ಕೊಡುವುದಿಲ್ಲ.

ಆಮೇಲೆ ಫೈಲ್ ಫಾರ್ಮ್ಯಾಟು. ನೀವು ಫೈಲು ಕಳಿಸುವವರೆಲ್ಲ ವರ್ಡ್ ಬಳಸುತ್ತಾರೆ ಅಂತಾದರೆ, ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್ ಎಂಬಲ್ಲಿಗೆ ಹೋಗಿ ಸದಾ ವರ್ಡ್‌ನ ಡಾಕ್ಸ್ (.docx) ಫಾರ್ಮ್ಯಾಟಿನಲ್ಲೇ ಸೇವ್ ಆಗುವ ಹಾಗೆ ಮಾಡಿ. ಇಲ್ಲದಿದ್ದರೆ ಪ್ರತಿ ಹೊಸ ಫೈಲಿಗೂ ಫಾರ್ಮ್ಯಾಟ್ ಬದಲಿಸಬೇಕು, ಮರೆತರೆ ಆ ಕಡೆಯವರಿಗೆ ಗೊಂದಲ.

ಫಾಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. "ಫೈಲು ತೆರೆದರೆ ಎಲ್ಲ ಕಲಸಿಹೋಗುತ್ತೆ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಪ್ರೋಗ್ರಾಂನ ದೋಷವಲ್ಲ, ಇಲ್ಲದಿರುವ ಫಾಂಟು. ಕ್ಯಾಲಿಬ್ರಿಯಲ್ಲಿ ಬರೆದ ಫೈಲನ್ನು ಕ್ಯಾಲಿಬ್ರಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿರಿ ಅಂದುಕೊಳ್ಳಿ. ಬೇರೆ ಫಾಂಟು ಬಂದು ಕೂರುತ್ತದೆ. ಅದರ ಅಕ್ಷರಗಳ ಅಗಲ ಬೇರೆ. ಒಂದು ಸಾಲಿನ ಕೊನೆಯ ಪದ ಕೆಳಗಿಳಿಯುತ್ತದೆ, ಪ್ಯಾರಾ ಒಂದು ಸಾಲು ಬೆಳೆಯುತ್ತದೆ, ಪುಟದ ಕೊನೆಯ ಟೇಬಲ್ ಮುಂದಿನ ಪುಟಕ್ಕೆ ಹಾರುತ್ತದೆ. ಇದಕ್ಕಾಗಿಯೇ ಕಾರ್ಲಿಟೊ ಎಂಬ ಫಾಂಟಿದೆ. ಅದರ ಪ್ರತಿ ಅಕ್ಷರವೂ ಕ್ಯಾಲಿಬ್ರಿಯಷ್ಟೇ ಅಗಲ. ಕೇಂಬ್ರಿಯಾಗೆ ಕ್ಯಾಲಡಿಯ ಇದೆ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಸೆರಿಫ್, ಏರಿಯಲ್‌ಗೆ ಲಿಬರೇಷನ್ ಸ್ಯಾನ್ಸ್. ಇವು ಇದ್ದರೆ ಸಾಲುಗಳು ಇದ್ದಲ್ಲೇ ಇರುತ್ತವೆ. ಪರೀಕ್ಷೆಗೆ ಕೂರುವ ಮೊದಲು ನಿಮ್ಮ ಫೈಲುಗಳಲ್ಲಿ ಯಾವ ಫಾಂಟಿದೆ, ಅದು ಅಥವಾ ಅದರ ಜೋಡಿ ಈ ಕಂಪ್ಯೂಟರಿನಲ್ಲಿದೆಯಾ ಅಂತ ನೋಡಿ. ನೀವು ಕಳಿಸುವ ಫೈಲಿಗಾದರೆ, ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಟ್ಯಾಬಿಗೆ ಹೋಗಿ ಫಾಂಟನ್ನು ಫೈಲಿನೊಳಗೇ ಸೇರಿಸಬಹುದು.

ಪಕ್ಕದಲ್ಲಿ ಕೂತು ನೋಡಿ, ಬಾಯಿ ಬಿಡಬೇಡಿ

ಈಗ ನಿಜವಾಗಿ ಕೆಲಸ ಮಾಡುವವರನ್ನು ಕೂರಿಸಿ. ಪಟ್ಟಿಯ ಮೊದಲ ಕೆಲಸ ಕೊಡಿ. ಮನಸ್ಸಿನಲ್ಲಿ ಬಂದದ್ದನ್ನು ಜೋರಾಗಿ ಹೇಳುತ್ತಾ ಮಾಡಿ ಅಂತ ಹೇಳಿ. ನೀವು ಸಹಾಯ ಮಾಡಬೇಡಿ. ಕಷ್ಟವಾಗುತ್ತದೆ, ಆದರೂ ಸುಮ್ಮನಿರಿ. ಅವರು ಮೊದಲು ಯಾವ ಮೆನು ತೆರೆದರು, ಎಲ್ಲಿ ನಿಂತರು, ಯಾವ ಪದ ಓದಿ ತಪ್ಪು ಬಟನ್ ಒತ್ತಿದರು ಅಂತ ಬರೆದುಕೊಳ್ಳಿ. ಎಷ್ಟು ಜನರ ಮೇಲೆ ಪರೀಕ್ಷಿಸಬೇಕು? ಈ ವಿಷಯದಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲೇ ಹೇಳಿದ ಮಾತು, ಒಂದು ಸುತ್ತಿಗೆ 5 ಜನ ಸಾಕು. ಅಷ್ಟರಲ್ಲಿ ದೊಡ್ಡ ತೊಡಕುಗಳೆಲ್ಲ ಹೆಚ್ಚುಕಡಿಮೆ ಹೊರಬಂದಿರುತ್ತವೆ. ನನ್ನ ಅನುಭವದಲ್ಲೂ ಮೂರನೆಯವರ ಹೊತ್ತಿಗೆ ಅದೇ ಜಾಗದಲ್ಲಿ ಎಡವುವುದು ಶುರುವಾಗುತ್ತದೆ.

ಇಲ್ಲಿ ಒಂದು ದೃಶ್ಯ ನಾನು ಪದೇಪದೇ ನೋಡುತ್ತೇನೆ. ಫೋಟೋ ತಿದ್ದುವ ಓಪನ್ ಸೋರ್ಸ್ ಪ್ರೋಗ್ರಾಂ ಗಿಂಪ್‌ನಲ್ಲಿ ಒಬ್ಬರು ಫೋಟೋ ಕತ್ತರಿಸಿ, ಬೆಳಕು ಸರಿಮಾಡುತ್ತಾರೆ. ಅಲ್ಲಿಯವರೆಗೂ ಸಲೀಸು. ಆಮೇಲೆ ಕಂಟ್ರೋಲ್ ಎಸ್ ಒತ್ತುತ್ತಾರೆ. ಎಕ್ಸ್‌ಸಿಎಫ್ ಅನ್ನುವ, ಹಿಂದೆಂದೂ ಕೇಳದ ಫಾರ್ಮ್ಯಾಟ್ ಬರುತ್ತದೆ. ಹೆಸರಿನ ಕೊನೆಗೆ ಜೆಪಿಜಿ ಅಂತ ಟೈಪ್ ಮಾಡುತ್ತಾರೆ. ಗಿಂಪ್ ಒಪ್ಪುವುದಿಲ್ಲ, ಎಕ್ಸ್‌ಪೋರ್ಟ್ ಬಳಸಿ ಅನ್ನುತ್ತದೆ. ಕೈ ಮೌಸಿನ ಮೇಲೆ ನಿಂತುಬಿಡುತ್ತದೆ. "ಸೇವ್ ಮಾಡೋಕೂ ಬರಲ್ವಾ ಇದಕ್ಕೆ?"

ಇದು 2012ರ 2.8 ಆವೃತ್ತಿಯಲ್ಲಿ ಬೇಕೆಂದೇ ಮಾಡಿದ ಬದಲಾವಣೆ. ಸೇವ್ ಅಂದರೆ ಲೇಯರ್‌ಗಳು (ಚಿತ್ರದ ಒಂದರ ಮೇಲೊಂದಿರುವ ಪದರಗಳು) ಸಮೇತ ನಿಮ್ಮ ಪೂರ್ತಿ ಕೆಲಸವನ್ನು ಉಳಿಸುವುದು. ಜೆಪಿಜಿಯಲ್ಲಿ ಲೇಯರ್ ಉಳಿಯುವುದಿಲ್ಲ, ಹಾಗಾಗಿ ಅದಕ್ಕೆ ಬೇರೆ ಹೆಸರು, ಬೇರೆ ಕೀ: ಕಂಟ್ರೋಲ್, ಶಿಫ್ಟ್, ಇ. ಲೇಯರ್ ಇಟ್ಟುಕೊಂಡು ದೊಡ್ಡ ಕೆಲಸ ಮಾಡುವವರನ್ನು ಇದು ನಷ್ಟದಿಂದ ಕಾಪಾಡುತ್ತದೆ. ಫೋಟೋ ಕತ್ತರಿಸಿ ಕಳಿಸುವವರಿಗೆ ಮಾತ್ರ ದಿನಾ ಒಂದು ಅಡ್ಡಿ. 2021ರಲ್ಲಿ ಫೋಟೋಶಾಪ್ ಕೂಡ ಇದೇ ದಾರಿ ಹಿಡಿದು, ಸೇವ್ ಆ್ಯಸ್‌ನಲ್ಲಿದ್ದ ಜೆಪಿಜಿಯನ್ನು ಸೇವ್ ಎ ಕಾಪಿಗೆ ಸರಿಸಿತು. ಜನ ತಕರಾರು ಮಾಡಿದ ಮೇಲೆ ಹಳೆಯ ರೀತಿಗೆ ಮರಳಲು ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಕೊಟ್ಟಿತು. ಗಿಂಪ್‌ನಲ್ಲಿಯೂ ದಾರಿ ಇದೆ: ಎಡಿಟ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್ಸ್‌ನಲ್ಲಿ ಎಕ್ಸ್‌ಪೋರ್ಟಿಗೆ ನಿಮಗೆ ಬೇಕಾದ ಕೀ ಕೊಟ್ಟುಕೊಳ್ಳಿ.

ಇಂಥ ತೊಡಕು ಕಂಡಾಗ ಪಕ್ಕದಲ್ಲಿ ಒಂದು ಗುರುತು ಹಾಕಿ. ಇದು ಅಭ್ಯಾಸದ ತೊಡಕಾ, ನಿಜವಾದ ತೊಡಕಾ? ಗೊತ್ತುಮಾಡಿಕೊಳ್ಳುವ ಉಪಾಯ ಸರಳ. ಎರಡೂ ಪ್ರೋಗ್ರಾಂ ಬಾರದ ಒಬ್ಬರನ್ನು ಹುಡುಕಿ, ಎರಡರಲ್ಲೂ ಅದೇ ಕೆಲಸ ಕೊಡಿ. ಎರಡರಲ್ಲೂ ಒಂದೇ ಥರ ಕಷ್ಟಪಟ್ಟರೆ, ನಿಮ್ಮ ಸಿಬ್ಬಂದಿಯದ್ದು ಅಭ್ಯಾಸದ ಮಾತು, ಸ್ವಲ್ಪ ದಿನದಲ್ಲಿ ಕೈ ಪಳಗುತ್ತದೆ. ಒಂದರಲ್ಲಿ ಮಾತ್ರ ಎಡವಿದರೆ ಆ ಪ್ರೋಗ್ರಾಂನಲ್ಲೇ ಕೊರತೆ ಇದೆ.

ಕೊರತೆಗಳು ಇವೆ, ಮುಚ್ಚಿಡಬಾರದು. ಗಿಂಪ್‌ನಲ್ಲಿ ಒಂದು ವೃತ್ತ ಬಿಡಿಸುವುದನ್ನೇ ನೋಡಿ. ಬಹಳ ಕಾಲದಿಂದ ಅದರ ದಾರಿ ಹೀಗಿದೆ: ಇ ಕೀ ಒತ್ತಿ ಎಲಿಪ್ಸ್ ಸೆಲೆಕ್ಟ್ ತೆಗೆದುಕೊಳ್ಳಿ, ಮೌಸ್ ಎಳೆಯಲು ಶುರು ಮಾಡಿ ಆಮೇಲೆ ಶಿಫ್ಟ್ ಹಿಡಿಯಿರಿ, ನಂತರ ಎಡಿಟ್ ಮೆನುವಿನಲ್ಲಿ ಸ್ಟ್ರೋಕ್ ಸೆಲೆಕ್ಷನ್, ಗೆರೆಯ ದಪ್ಪ, ಓಕೆ. ವೃತ್ತ ಬೇಕು ಅನ್ನುವವರಿಗೆ ಸೆಲೆಕ್ಷನ್ನಿಗೆ ಹೋಗಬೇಕು ಅಂತ ಹೊಳೆಯುವುದಾದರೂ ಹೇಗೆ? ಬಿಡಿಸಿದ ಮೇಲೆ ಗೆರೆ ದಪ್ಪ ಮಾಡಬೇಕಾದರೆ ಮತ್ತೆ ಮೊದಲಿಂದ. ಪೋಸ್ಟರ್, ಚಿತ್ರಪಟ ಮಾಡುವವರಿಗೆ ನಾನು ಗಿಂಪ್ ಹೇಳುವುದೇ ಇಲ್ಲ, ಇಂಕ್‌ಸ್ಕೇಪ್ ಹೇಳುತ್ತೇನೆ. ಅಲ್ಲಿ ವೃತ್ತದ ಟೂಲ್ ಎದುರಿಗೇ ಇದೆ, ಕಂಟ್ರೋಲ್ ಹಿಡಿದು ಎಳೆದರೆ ಆಯಿತು, ಯಾವಾಗ ಬೇಕಾದರೂ ಬದಲಿಸಬಹುದು. ಕಮರ್ಷಿಯಲ್ ಪ್ರೋಗ್ರಾಂ ಎಷ್ಟೋ ಸಲ ಎಲ್ಲವನ್ನೂ ಒಂದೇ ಕಡೆ ತುಂಬುತ್ತದೆ. ಓಪನ್ ಸೋರ್ಸ್‌ನಲ್ಲಿ ಕೆಲಸಕ್ಕೆ ತಕ್ಕ ಪ್ರೋಗ್ರಾಂ ಆರಿಸುವ ಜವಾಬ್ದಾರಿ ನಿಮ್ಮದು.

ಅದೇ ಜನ, ಅದೇ ಕೆಲಸ, ಒಂದು ವಾರ ಬಿಟ್ಟು ಮತ್ತೆ ಮಾಡಿಸಿ. ಈ ಎರಡನೇ ಸುತ್ತನ್ನು ಯಾರೂ ಮಾಡುವುದಿಲ್ಲ, ನಾನು ಬಿಡುವುದಿಲ್ಲ. ಮೊದಲ ದಿನ ಸುಲಭವೆನಿಸಿದ ಪ್ರೋಗ್ರಾಂ ನೂರನೇ ಸಲಕ್ಕೂ ಅಷ್ಟೇ ಕ್ಲಿಕ್ ಕೇಳುತ್ತಿರಬಹುದು. ಮೊದಲ ದಿನ ಹೆದರಿಸಿದ್ದು ಆಮೇಲೆ ಕೈಗೆ ಒಗ್ಗಿ ಓಡಬಹುದು. 3ಡಿ ಚಿತ್ರ ಮಾಡುವ ಬ್ಲೆಂಡರ್ ಬಳಸುವವರನ್ನು ಕೇಳಿದರೆ ಕೀಬೋರ್ಡಿನ ವೇಗದ ಬಗ್ಗೆ ಇದನ್ನೇ ಹೇಳುತ್ತಾರೆ.

ಅಂಕಿ ಬೇಕು ಅನ್ನುವವರಿಗೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಸಿಸ್ಟಮ್ ಯೂಸಬಿಲಿಟಿ ಸ್ಕೇಲ್ ಇದೆ. ಪ್ರೋಗ್ರಾಂ ಬಗ್ಗೆ 10 ವಾಕ್ಯಗಳು, ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರಿ ಅಂತ 1ರಿಂದ 5ರವರೆಗೆ ಗುರುತು. ಬೆಸ ಸಂಖ್ಯೆಯ ವಾಕ್ಯಗಳಿಗೆ ಕೊಟ್ಟ ಅಂಕಿಯಿಂದ 1 ಕಳೆಯಿರಿ. ಸರಿ ಸಂಖ್ಯೆಯವಕ್ಕೆ 5ರಿಂದ ಆ ಅಂಕಿ ಕಳೆಯಿರಿ. ಎಲ್ಲ ಕೂಡಿಸಿ 2.5ರಿಂದ ಗುಣಿಸಿ. ಉತ್ತರ 0ಯಿಂದ 100ರೊಳಗೆ ಬರುತ್ತದೆ, ಸರಾಸರಿ ಸುಮಾರು 68 ಅಂತ ಲೆಕ್ಕ.

ಮೆನುಗಳಲ್ಲಿ ಹುಡುಕಾಡಬೇಡಿ, ಕೇಳಿ

ಹೊಸ ಪ್ರೋಗ್ರಾಂನಲ್ಲಿ ಜಾಸ್ತಿ ಸಮಯ ಹೋಗುವುದು "ಅದು ಎಲ್ಲಿದೆ" ಅಂತ ಹುಡುಕುವುದರಲ್ಲಿ. ಇದಕ್ಕೆ ಒಂದೇ ಮದ್ದು, ಕಮಾಂಡ್ ಹುಡುಕುವ ಪೆಟ್ಟಿಗೆ. ಗಿಂಪ್‌ನಲ್ಲಿ ಸ್ಲ್ಯಾಶ್ ಕೀ ಒತ್ತಿ. ಬ್ಲೆಂಡರ್‌ನಲ್ಲಿ ಎಫ್3. ಇಂಕ್‌ಸ್ಕೇಪ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಲಿಬ್ರೆಆಫೀಸ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್. ಮೈಕ್ರೋಸಾಫ್ಟ್ ಆಫೀಸಿನಲ್ಲಿ ಆಲ್ಟ್ ಜೊತೆ ಕ್ಯೂ. ಬೇಕಾದದ್ದರ ಹೆಸರಿನ ನಾಲ್ಕು ಅಕ್ಷರ ಟೈಪ್ ಮಾಡಿದರೆ ಪಟ್ಟಿ ಬರುತ್ತದೆ, ಎಂಟರ್ ಒತ್ತಿದರೆ ಕೆಲಸ ಆಗುತ್ತದೆ. ನಾನು ಕಲಿಸುವ ಮೊದಲ ಪಾಠವೇ ಇದು. ಇದೊಂದು ಕೈಗೆ ಬಂದರೆ ಉಳಿದದ್ದನ್ನು ಜನ ತಾವೇ ಕಲಿಯುತ್ತಾರೆ.

ತೊಡಕು ಎಲ್ಲಿಂದ ಬಂತು ಅಂತ ನೋಡಿ

ಓಪನ್ ಸೋರ್ಸ್ ಪ್ರೋಗ್ರಾಂಗಳು ಬಹಳಷ್ಟು ಸಲ ಪ್ರೋಗ್ರಾಮರ್ ತನ್ನ ಅಗತ್ಯಕ್ಕೆ ಬರೆದದ್ದರಿಂದ ಶುರುವಾಗುತ್ತವೆ. ಬರೆದವರಿಗೆ ಎಲ್ಲವೂ ಗೊತ್ತಿರುತ್ತದೆ, ಹೊಸಬರು ಎಲ್ಲಿ ಎಡವುತ್ತಾರೆ ಅನ್ನುವುದು ಕಾಣುವುದಿಲ್ಲ. ಕಂಪನಿಗಳು ಸಂಬಳ ಕೊಟ್ಟು ಡಿಸೈನರ್‌ಗಳನ್ನು ಇಟ್ಟುಕೊಂಡು, ಜನರನ್ನು ಕೂರಿಸಿ ಪರೀಕ್ಷೆ ಮಾಡಿಸುತ್ತವೆ. ಈ ವ್ಯತ್ಯಾಸ ನಿಜ. ಆದರೆ ಅದು ಅಳಿಸಲಾಗದ ಗೆರೆ ಏನಲ್ಲ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ, ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪನ್ನು ಬಳಕೆದಾರರ ಮುಂದಿಟ್ಟು ಪರೀಕ್ಷಿಸಿತು. ಆಮೇಲೆ ಗ್ನೋಮ್ ತನ್ನ ಪ್ರೋಗ್ರಾಂಗಳಿಗೆಲ್ಲ ಒಂದೇ ವಿನ್ಯಾಸ ನಿಯಮ ಬರೆದುಕೊಂಡಿತು. ಬ್ಲೆಂಡರ್‌ನಲ್ಲಿ ವಸ್ತುವನ್ನು ಆರಿಸಲು ವರ್ಷಗಟ್ಟಲೆ ಮೌಸಿನ ಬಲ ಬಟನ್ ಒತ್ತಬೇಕಿತ್ತು. 2019ರ 2.80ರಲ್ಲಿ ಅದು ಎಲ್ಲೆಡೆಯ ಹಾಗೆ ಎಡ ಬಟನ್ ಆಯಿತು. ಸಂಗೀತ ಬರೆಯುವ ಮ್ಯೂಸ್‌ಸ್ಕೋರ್‌ನ ಕಥೆ ನನಗೆ ಬಹಳ ಇಷ್ಟ. ಮಾರ್ಟಿನ್ ಕೀರಿ ಎಂಬ ಸಂಗೀತಗಾರ ಮತ್ತು ಡಿಸೈನರ್ ಅದರ ತೊಡಕುಗಳನ್ನು ವಿಡಿಯೋ ಮಾಡಿ ಬಿಡಿಸಿಟ್ಟರು. ಆ ಯೋಜನೆಯವರು ಅವರನ್ನೇ ಕರೆದು ವಿನ್ಯಾಸದ ಹೊಣೆ ಕೊಟ್ಟರು. 2022ರ ಕೊನೆಗೆ ಬಂದ ಮ್ಯೂಸ್‌ಸ್ಕೋರ್ 4 ಹೊಸ ರೂಪದಲ್ಲಿ ಬಂತು.

ಕೆಲವು ತೊಡಕುಗಳಿಗೆ ವಿನ್ಯಾಸ ಕಾರಣವೇ ಅಲ್ಲ. ಧ್ವನಿ ತಿದ್ದುವ ಆಡಾಸಿಟಿಯಲ್ಲಿ ಎಂಪಿ3 ಮಾಡಲು ಹಿಂದೆ ಲೇಮ್ ಎಂಬ ಇನ್ನೊಂದು ತುಂಡನ್ನು ಹುಡುಕಿ ಹಾಕಿಕೊಳ್ಳಬೇಕಿತ್ತು. ಎಂಪಿ3ಯ ಪೇಟೆಂಟ್‌ಗಳೇ ಇದಕ್ಕೆ ಕಾರಣ. 2017ರ ಹೊತ್ತಿಗೆ ಅವು ಮುಗಿದವು, 2019ರಿಂದ ಆಡಾಸಿಟಿಯೊಳಗೇ ಅದು ಬರುತ್ತಿದೆ. ಹಳೆಯ ದೂರು ಕೇಳಿದಾಗ ಅದು ಯಾವ ಆವೃತ್ತಿಯದ್ದು ಅಂತ ವಿಚಾರಿಸಿ.

ಕಮರ್ಷಿಯಲ್ ಕಡೆಯ ತೊಡಕುಗಳನ್ನೂ ಅದೇ ಕಾಗದದ ಮೇಲೆ ಬರೆಯಿರಿ. ಅವು ಮೆನುವಿನಲ್ಲಿ ಕಾಣುವುದಿಲ್ಲ, ಆದರೂ ಬಳಕೆಯ ಕಷ್ಟವೇ. ಲಾಗಿನ್ ಕೇಳುವುದು, ಇನ್ನೊಂದು ಕಂಪ್ಯೂಟರಿಗೆ ಹಾಕಲು ಲೈಸೆನ್ಸ್ ಸಾಲದಿರುವುದು, ಬೇಡದ ಕ್ಲೌಡಿಗೆ ಫೈಲು ಹೋಗಿ ಕೂರುವುದು. 2013ರಲ್ಲಿ ಅಡೋಬಿ ತನ್ನ ಮುಖ್ಯ ಪ್ರೋಗ್ರಾಂಗಳ ಹೊಸ ಆವೃತ್ತಿಗಳನ್ನು ಚಂದಾಕ್ಕೆ ಮಾತ್ರ ಕೊಡಲು ಶುರು ಮಾಡಿತು. ಚಂದಾ ನಿಲ್ಲಿಸಿದ ದಿನ ಪ್ರೋಗ್ರಾಂ ತೆರೆಯದಿದ್ದರೆ, ಅದರ ಫಾರ್ಮ್ಯಾಟಿನಲ್ಲಿರುವ ನಿಮ್ಮ ಹಳೆಯ ಫೈಲುಗಳನ್ನು ತಿದ್ದುವುದು ಹೇಗೆ? ಬಳಸುವಾಗಿನ ಸುಲಭದಷ್ಟೇ ಬಿಟ್ಟುಹೋಗುವಾಗಿನ ಸುಲಭವೂ ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಎಡವಿದ ಜಾಗವನ್ನು ಅವರಿಗೆ ತಿಳಿಸಿ

ಓಪನ್ ಸೋರ್ಸ್ ಆರಿಸಿದರೆ ನಿಮಗೆ ಒಂದು ಬಾಗಿಲು ತೆರೆದಿರುತ್ತದೆ. ದೂರು ಹೇಳುವ ಜಾಗ ಎಲ್ಲರಿಗೂ ಕಾಣುವ ಹಾಗಿರುತ್ತದೆ, ಪ್ರೋಗ್ರಾಂ ಬರೆಯುವವರೇ ಅಲ್ಲಿ ಓದುತ್ತಾರೆ. ಲಿಬ್ರೆಆಫೀಸಿಗೆ ಬಗ್‌ಜಿಲ್ಲಾ ಎಂಬ ದೂರು ದಾಖಲಿಸುವ ತಾಣ ಇದೆ, ಹೆಲ್ಪ್ ಮೆನುವಿನಿಂದಲೇ ಅಲ್ಲಿಗೆ ಹೋಗಬಹುದು. "ಬಳಸೋಕೆ ಕಷ್ಟ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಪರೀಕ್ಷೆಯಲ್ಲಿ ಬರೆದುಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಯಾವ ಆವೃತ್ತಿ, ಏನು ಮಾಡಲು ಹೊರಟರು, ಏನೇನು ಒತ್ತಿದರು, ಏನಾಗುತ್ತದೆ ಅಂದುಕೊಂಡಿದ್ದರು, ಏನಾಯಿತು. ಒಂದು ದೂರಿನಲ್ಲಿ ಒಂದೇ ತೊಡಕು ಇರಲಿ. ಇದೇ ದೂರು ಮೊದಲೇ ಇದೆಯಾ ಅಂತ ಹುಡುಕಿ, ಇದ್ದರೆ ಅಲ್ಲೇ ನಿಮ್ಮ ವಿವರ ಸೇರಿಸಿ. ಐವರಲ್ಲಿ ನಾಲ್ವರು ಇದೇ ಜಾಗದಲ್ಲಿ ನಿಂತರು ಅಂತ ಬರೆದ ದೂರಿಗೆ ತೂಕ ಇರುತ್ತದೆ. ಬೈಯಬೇಡಿ. ಎಷ್ಟೋ ಮಂದಿ ಅಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ.

ಕೊನೆಗೆ ಆಯ್ಕೆ

ಎಲ್ಲವನ್ನೂ ಒಂದೇ ಕಡೆಗೆ ಸಾಗಿಸಬೇಕು ಅಂತೇನಿಲ್ಲ. ಗಿರಾಕಿಗಳ ಜೊತೆ ದಿನಾ ತಿದ್ದುಪಡಿಗಳಿರುವ ವರ್ಡ್ ಫೈಲು ಓಡಾಡುತ್ತಿದ್ದರೆ ವರ್ಡ್ ಇಟ್ಟುಕೊಳ್ಳಿ. ಎಕ್ಸೆಲ್‌ನ ವಿಬಿಎ ಮ್ಯಾಕ್ರೋಗಳು (ಕೆಲಸವನ್ನು ತಾನಾಗಿ ಮಾಡಿಸುವ ಚಿಕ್ಕ ಪ್ರೋಗ್ರಾಂಗಳು) ಲಿಬ್ರೆಆಫೀಸಿನ ಕ್ಯಾಲ್ಕ್‌ನಲ್ಲಿ ಒಂದಷ್ಟು ಓಡುತ್ತವೆ, ಎಲ್ಲವೂ ಓಡುವುದಿಲ್ಲ. ಬೇರೆ ಕಡೆಯ ಮಾಹಿತಿ ತಂದು ಹೊಂದಿಸುವ ಎಕ್ಸೆಲ್‌ನ ಪವರ್ ಕ್ವೆರಿ ಮೇಲೆ ನಿಂತ ಲೆಕ್ಕಪತ್ರವಿದ್ದರೆ ಎಕ್ಸೆಲ್ ಬಿಡಬೇಡಿ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ನಿಮ್ಮಲ್ಲಿದ್ದರೆ ಅವರ ಪರೀಕ್ಷೆಯೇ ಮೊದಲು ನಡೆಯಲಿ, ಅವರ ಮಾತೇ ಕೊನೆಯದಾಗಲಿ. ಬೇರೆ ಬೇರೆ ಜನ ಬೇರೆ ಬೇರೆ ಪ್ರೋಗ್ರಾಂ ಬಳಸಿದರೆ ಏನೂ ತೊಂದರೆಯಿಲ್ಲ, ನಡುವೆ ಓಡಾಡುವ ಫಾರ್ಮ್ಯಾಟ್ ಮಾತ್ರ ಒಂದೇ ಇರಲಿ.

ಬದಲಾಯಿಸುವುದಾದರೆ ಈಗಿನ ವಿಂಡೋಸ್ ಅಥವಾ ಮ್ಯಾಕ್ ಮೇಲೆಯೇ ಪ್ರೋಗ್ರಾಂಗಳನ್ನು ಒಂದೊಂದಾಗಿ ಬದಲಿಸಿ. ಮೊದಲು ಬ್ರೌಸರ್ ಮತ್ತು ವಿಡಿಯೋ ಪ್ಲೇಯರ್, ಆಮೇಲೆ ಆಫೀಸ್ ಪ್ರೋಗ್ರಾಂಗಳು, ಆಮೇಲೆ ಚಿತ್ರದ ಕೆಲಸದವು. ಗ್ನೋಮ್ ಡೆಸ್ಕ್‌ಟಾಪ್ ಬಿಟ್ಟರೆ, ಇಲ್ಲಿ ನಾನು ಹೆಸರಿಸಿದ ಓಪನ್ ಸೋರ್ಸ್ ಪ್ರೋಗ್ರಾಂಗಳೆಲ್ಲ ಈ ಎರಡರಲ್ಲೂ ಓಡುತ್ತವೆ. ಲಿನಕ್ಸ್‌ಗೆ ಹೋಗುವ ಮನಸ್ಸಿದ್ದರೆ ಅದನ್ನು ಕೊನೆಗಿಡಿ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್ ಡ್ರೈವಿನಿಂದ ಲೈವ್ ಆಗಿ ಶುರು ಮಾಡಿ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ ವೈಫೈ, ಪ್ರಿಂಟರ್, ಸ್ಕ್ಯಾನರ್, ಮೈಕು, ಎರಡನೇ ಮಾನಿಟರ್ ಇವಿಷ್ಟನ್ನು ಒಂದೊಂದಾಗಿ ಓಡಿಸಿ ನೋಡಿ. ಪ್ರಿಂಟರಿನಲ್ಲಿ ಒಂದು ಪುಟ ಹೊರಗೆ ಬರುವ ತನಕ ಇನ್‌ಸ್ಟಾಲ್ ಬಟನ್ ಒತ್ತಬೇಡಿ.